ಫ್ಯಾನ್ಸ್ ಗ್ರೂಪ್ ಕಟ್ಟುವ ಮುನ್ನ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ತಮ್ಮಂದಿರೇ, ತಂಗಿಯರೇ, ಆರ್‌ಸಿಬಿ ಹೆಸರಿನಲ್ಲಿ ವಾಟ್ಸಾಪ್ ಗ್ರೂಪ್ ಕಟ್ಟುತ್ತೀರಿ, ಸಂತೋಷ. ಆದರೆ ಸಂಖ್ಯೆ ಬೆಳೆಸುವ ಆತುರದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಸೇರಿಸಬೇಡಿ. ಬೆಟ್ಟಿಂಗ್‌ನವರು ನುಸುಳುವುದೇ ಅಲ್ಲಿ. ಬೆಟ್ಟಿಂಗ್ ಲಿಂಕ್ ಹಾಕಿದವರನ್ನು ಕೂಡಲೇ ತೆಗೆಯಿರಿ. ಅಪ್ಪ ಮೆಣಸಿನಕಾಯಿ ಮಾರಿ ತಂದ ದುಡ್ಡು ಹಾಗೆ ಕರಗಬಾರದು.

2025ರ ಜೂನ್ 3ರಂದು, ಐಪಿಎಲ್‌ನ 18ನೇ ಆವೃತ್ತಿಯಲ್ಲಿ ಆರ್‌ಸಿಬಿಗೆ ಕಪ್ ಬಂತು. ಮರುದಿನವೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವಕ್ಕೆ ನೆರೆದವರ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹೆಚ್ಚಿನವರು ನಿಮ್ಮದೇ ವಯಸ್ಸಿನವರು. ಮೆರವಣಿಗೆ, ಉಚಿತ ಪ್ರವೇಶ ಎಂಬ ಸಂದೇಶ ಬಂದರೆ, ಅದು ತಂಡದ ಖಾತೆಯಿಂದಲೇ ಬಂದಿರಲಿ, ಪೊಲೀಸರು ಒಪ್ಪಿದ್ದಾರೆಯೇ ಎಂದು ತಿಳಿಯದೆ ಮುಂದೆ ಕಳಿಸಬೇಡಿ. ರಾತ್ರಿ ರೈಲು ಹತ್ತುವ ಹುಡುಗರು ಅದನ್ನೇ ನಂಬಿರುತ್ತಾರೆ.

ಇನ್ನೊಂದು. ಸೋತ ದಿನ ಆಟಗಾರರ ಹೆಂಡತಿ, ತಾಯಿಯನ್ನು ಬೈಯುವವರಿಗೆ ಗ್ರೂಪಿನಲ್ಲಿ ಜಾಗ ಕೊಡಬೇಡಿ.