ದಸರೆಯ ಸೂಟಿಯೂ ಎಳೆಯರ ಕಲಿಕೆಯೂ

ದಸರೆಯ ಸೂಟಿ ಬಂದಿತೆಂದರೆ ನಮ್ಮ ಹಳ್ಳಿಯಲ್ಲಿ ಎರಡು ಮಾತು ಕೇಳಿಬರುತ್ತವೆ. ಹುಡುಗರು 'ಸಾಲಿ ಬಿಟ್ಟೈತಿ' ಎಂದು ಕುಣಿಯುತ್ತಾರೆ. ಹಿರಿಯರು 'ಕಲ್ತಿದ್ದೆಲ್ಲಾ ಮರೀತಾವ' ಎಂದು ಚಿಂತಿಸುತ್ತಾರೆ. ಎರಡೂ ನಿಜವೇ. ಒಂದನೆಯ, ಎರಡನೆಯ ಇಯತ್ತೆಯ ಮಕ್ಕಳಿಗೆ ಅಕ್ಷರದ ಗುರುತು ಆಗತಾನೆ ಹತ್ತಿರುತ್ತದೆ. ಎರಡು-ಮೂರು ವಾರ ಪಾಟಿ ಮುಟ್ಟದಿದ್ದರೆ ಅದು ಮಸುಕಾಗುವುದು ಸಹಜ. ಈ ಮರೆವಿಗೆ ಮದ್ದೆಂದು ಮಗ್ಗಿಯನ್ನು, ಕಾಗುಣಿತವನ್ನು ಹತ್ತು ಹತ್ತು ಸಲ ಬರೆದು ತರಲು ಹೇಳುವ ವಾಡಿಕೆಯುಂಟು. ಸೂಟಿ ಮುಗಿಯುವ ಹಿಂದಿನ ರಾತ್ರಿ ಅಕ್ಕನೋ ಅಣ್ಣನೋ ಅದನ್ನು ಬರೆದುಕೊಟ್ಟುಬಿಡುತ್ತಾರೆ. ನಾನೂ ಹಾಗೆ ಬರೆದುಕೊಟ್ಟವನೇ.

ಹೋದ ದಸರೆಗೆ ನವಲಗುಂದ ತಾಲೂಕಿನ ನನ್ನ ಊರಿಗೆ ಹೋದಾಗ ಓಣಿಯ ಹಿರಿಯರು, "ನೀ ಕಾಲೇಜು ಕಲಿಯಾಂವ. ಈ ಹುಡುಗೂರ್ನ ದಿನಾ ಒಂದು ತಾಸು ಕೂಡಿಸ್ಕೋ ತಮ್ಮಾ" ಎಂದರು. ನನಗೆ ಹಿಗ್ಗಾಯಿತು. ಮೊದಲ ದಿನವೇ ಗುಡಿಯ ಕಟ್ಟೆಯ ಮೇಲೆ ಹನ್ನೊಂದು ಮಕ್ಕಳನ್ನು ಸಾಲಾಗಿ ಕೂಡಿಸಿ, ಉಕ್ತಲೇಖನ ಹೇಳಿ, ತಪ್ಪುಗಳನ್ನು ಎಣಿಸಿದೆನು. ಮರುದಿನ ಬಂದವರು ಮೂವರು. ಅವರಲ್ಲಿ ಇಬ್ಬರು ನನ್ನ ಚಿಕ್ಕಪ್ಪನ ಮಕ್ಕಳು! ಶಾಲೆಯನ್ನು ಹಬ್ಬದೊಳಗೆ ತಂದರೆ ಹಬ್ಬವೂ ಕೆಡುತ್ತದೆ, ಪಾಠವೂ ಕೆಡುತ್ತದೆ ಎಂಬುದು ನನಗೆ ಅಂದು ತಿಳಿಯಿತು. ಅದರ ಬದಲು ಹಬ್ಬದೊಳಗೆ ಮೊದಲೇ ಇರುವ ಪಾಠವನ್ನು ಹುಡುಕಬಾರದೇಕೆ ಎಂದು ಯೋಚಿಸಿದೆನು. ಹಾಗೆ ಮಾಡಿ ನೋಡಿದ ಕೆಲವು ಪ್ರಯೋಗಗಳನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದೆ ಇಡುತ್ತಿದ್ದೇನೆ.

ಮೊದಲನೆಯದು ಘಟ್ಟದ ಸಸಿ. ನವರಾತ್ರಿಯ ಮೊದಲ ದಿನ ಘಟ್ಟ ಹಾಕುವ ಮನೆಗಳಲ್ಲಿ ಹೊಲದ ಎರೆಮಣ್ಣು ತಂದು, ಕಾಳು ಬಿತ್ತಿ, ದೇವರ ಮುಂದೆ ದೀಪ ಹಚ್ಚಿಡುತ್ತಾರೆ. ನಾವು ಅದೇ ಮಣ್ಣನ್ನೂ ಅದೇ ಕಾಳುಗಳನ್ನೂ ಇನ್ನೊಂದು ಪರಿಯಾಣದಲ್ಲಿ ಹಾಕಿ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆವು. ಐದಾರು ದಿನಗಳಲ್ಲಿ ಭೇದ ಕಂಡಿತು. ದೇವರ ಮನೆಯ ಸಸಿ ಉದ್ದವಾಗಿ, ತೆಳ್ಳಗೆ, ಹಳದಿಯಾಗಿ ಬೆಳೆದಿತ್ತು. ಮಾಳಿಗೆಯದು ಗಿಡ್ಡಾಗಿ, ದಪ್ಪವಾಗಿ, ಹಸಿರಾಗಿತ್ತು. "ಅಣ್ಣಾ, ಒಳಗಿಂದು ಯಾಕ ಹಳದಿ ಐತಿ?" ಎಂದು ಒಬ್ಬ ಹುಡುಗ ಕೇಳಿದನು. ನಾನು ಉತ್ತರ ಹೇಳದೆ, ಒಳಗಿನ ಒಂದಿಷ್ಟು ಸಸಿಯನ್ನು ಮಣ್ಣುಸಹಿತ ಬಿಸಿಲಿಗೆ ಒಯ್ಯಲು ಹೇಳಿದೆನು. ಎರಡು ದಿನಗಳಲ್ಲಿ ಅದೂ ಹಸಿರಾಗತೊಡಗಿತು. ಬೆಳಕಿಲ್ಲದೆ ಎಲೆಗೆ ಹಸಿರು ಕೂಡದೆಂಬುದನ್ನು ಅವರೇ ಕಂಡುಕೊಂಡರು.

ಅದೇ ಪರಿಯಾಣದಲ್ಲಿ ಇನ್ನೊಂದು ಪಾಠವೂ ಇತ್ತು. ಜೋಳ, ಗೋಧಿ ಒಂದೇ ಎಲೆಯ ಸೂಜಿಯಂತೆ ಮೇಲೆದ್ದವು. ಹೆಸರು, ಅಲಸಂದಿ ತಮ್ಮ ಬೇಳೆಯ ಎರಡು ಹೋಳುಗಳನ್ನೂ ತಲೆಯ ಮೇಲೆ ಹೊತ್ತು ಬಂದವು. ಕಡಲೆಯೋ ತನ್ನ ಬೇಳೆಯನ್ನು ಮಣ್ಣಿನಲ್ಲಿಯೇ ಬಿಟ್ಟು ಚಿಗುರನ್ನಷ್ಟೇ ಮೇಲಕ್ಕೆ ಕಳಿಸಿತು. ಇದನ್ನು ಮೊದಲು ಗಮನಿಸಿದವಳು ಒಂದನೆಯ ಇಯತ್ತೆಯ ಹುಡುಗಿ. ಕಾಲೇಜು ಕಲಿತ ನಾನಲ್ಲ.

ಎರಡನೆಯದು ಚಂದ್ರನ ಚಿತ್ರ. ನವರಾತ್ರಿ ಅಮಾವಾಸ್ಯೆಯ ಮರುದಿನ ಮೊದಲಾಗುತ್ತದೆ. ಹತ್ತನೆಯ ದಿನ ದಸರೆ, ಅದಾಗಿ ಐದು ದಿನಕ್ಕೆ ಶೀಗಿ ಹುಣ್ಣಿವೆ. ಆದುದರಿಂದ ದಿನಾ ಸಂಜೆ ಮೋಡವಿಲ್ಲದಾಗ ಚಂದ್ರನನ್ನು ನೋಡಿ, ಇದ್ದಲಿಯಿಂದ ಗೋಡೆಯ ಮೇಲೆ ಬರೆದು, ಕೆಳಗೆ ಅಂಕಿ ಹಾಕಿದೆವು. ಮೊದಲ ಸಂಜೆ ಚಂದ್ರನೇ ಕಾಣಲಿಲ್ಲ, ಬರಿಯ ಅಂಕಿ ಬರೆದೆವು. ಅಷ್ಟಮಿಯ ಹೊತ್ತಿಗೆ ಅರ್ಧ, ದಸರೆಯ ದಿನ ಅರ್ಧಕ್ಕಿಂತ ಹೆಚ್ಚು, ಹುಣ್ಣಿವೆಗೆ ತುಂಬಿದ ರೊಟ್ಟಿ. ಒಂದರಿಂದ ಹದಿನೈದರವರೆಗಿನ ಅಂಕಿ ಹೀಗೆ ಬಂದಿತು. ಘಟ್ಟ ಹಾಕದ ಮನೆಗಳ ಮಕ್ಕಳೂ ಇದರಲ್ಲಿ ಕೂಡಿದರು. ಜಮಖಾನೆ ನೇಯುವ ಮನೆಯ ಹುಡುಗನೊಬ್ಬ, "ನಮ್ಮ ರಂಜಾನಕ್ಕೂ ಹಿಂಗ ಚಂದಪ್ಪನ್ನ ನೋಡ್ತೇವಿ" ಎಂದನು. ಆ ಮಾತೇ ಅಂದಿನ ದೊಡ್ಡ ಪಾಠವಾಯಿತು.

ಮೂರನೆಯದನ್ನು ಹೇಳುವಾಗ ನನಗೆ ಇಂದಿಗೂ ನಾಚಿಕೆಯೆನಿಸುತ್ತದೆ. ಖಂಡೇನವಮಿಯ ದಿನ ಮನೆಯ ಆಯುಧಗಳನ್ನೂ ಪುಸ್ತಕಗಳನ್ನೂ ಪೂಜೆಗೆ ಇಡುತ್ತಾರಷ್ಟೆ. ಅಂದು ಓದಬಾರದೆಂದು ಹುಡುಗರು ಮೊದಲೇ ಎಚ್ಚರಿಸಿದ್ದರು! ಓದುವುದು ಬೇಡ, ನಿಮ್ಮ ಮನೆಯಲ್ಲಿ ಪೂಜೆಗಿಟ್ಟ ಸಾಮಾನುಗಳ ಹೆಸರು ಹೇಳಿರಿ ಎಂದೆನು. ಕೂರಿಗೆ, ಕುಂಟೆ, ನೇಗಿಲು, ಕುಡಗೋಲು, ಸಲಿಕೆ, ತಕ್ಕಡಿ, ಸೇರು ಎಂದು ಹೆಸರುಗಳ ಮಳೆಯೇ ಸುರಿಯಿತು. ಕಟ್ಟೆಯ ಅಂಚಿನಲ್ಲಿ ಏಳು ವರುಷದ ಹುಡುಗಿಯೊಬ್ಬಳು ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ನಿಂತಿದ್ದಳು. ಅವಳ ತಾಯಿ ಕೂಲಿಗೆ ಹೋಗುವವಳು. "ನಿಮ್ಮನ್ಯಾಗ?" ಎಂದು ಕೇಳಿದೆ. "ಒಂದು ಕುರುಪಿ ಅಷ್ಟ ಐತ್ರೀ" ಎಂದಳು. ಮಕ್ಕಳು ನಕ್ಕರು. ಅವಳು ತಿರುಗಿ ಹೊರಟುಬಿಟ್ಟಳು.

ನನ್ನ ಪ್ರಶ್ನೆಯೇ ಹೊಲವಿದ್ದವರ ಪ್ರಶ್ನೆಯಾಗಿತ್ತೆಂಬುದು ಆಗ ಹೊಳೆಯಿತು. ಮರುದಿನ ನಾನೇ ಅವಳ ಮನೆಗೆ ಹೋಗಿ, ಆ ಕುರುಪಿಯನ್ನು ಕೇಳಿ ತಂದು, ಕಟ್ಟೆಯ ಮೇಲಿಟ್ಟು, ನೆಲದ ಮೇಲೆ ಸುಣ್ಣದಿಂದ 'ಕುರುಪಿ' ಎಂದು ದೊಡ್ಡದಾಗಿ ಬರೆದೆನು. ಮೂರೇ ಅಕ್ಷರ. ಮೊದಲ ಎರಡಕ್ಕೆ ಕೊಂಬು, ಕೊನೆಯದಕ್ಕೆ ಗುಡಿಸು. ತಮ್ಮನನ್ನು ಮಕ್ಕಳೆಲ್ಲ ಸರದಿಯಿಂದ ಆಡಿಸಿದರು. ಅವಳು ಆ ಮೂರು ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕುಳಿತಳು. ನಾಲ್ಕು ದಿನಗಳ ಮೇಲೆ, ನಾನು ಹೇಳಿಕೊಡದೆಯೇ, ಅದರ ಪಕ್ಕದಲ್ಲಿ 'ಕುರಿ' ಎಂದು ಬರೆದಳು. 'ರ'ಕಾರಕ್ಕಿದ್ದ ಕೊಂಬನ್ನು ತೆಗೆದು ಗುಡಿಸು ಕೊಡಬಹುದೆಂದು ತಾನೇ ಕಂಡುಕೊಂಡಿದ್ದಳು. ಹತ್ತು ಸಲ ಕಾಗುಣಿತ ಬರೆಸಿದ್ದರೆ ಇದು ಬರುತ್ತಿತ್ತೇ ಎಂದು ನನಗೆ ಸಂಶಯ.

ನಾಲ್ಕನೆಯದು ಬನ್ನಿ. ದಸರೆಯ ಸಂಜೆ ಬನ್ನಿಯನ್ನು ಕೊಟ್ಟು, ಬನ್ನಿ ತೆಗೆದುಕೊಂಡು ಬಂಗಾರದಂತೆ ಇರೋಣವೆಂದು ಹಿರಿಯರ ಕಾಲಿಗೆರಗುವುದು ನಮ್ಮಲ್ಲಿ ಚಿಕ್ಕವರಿಗೆ ಮುಖ್ಯವಾದ ಸಂಭ್ರಮ. ಕೆಲವರು ಬನ್ನಿಯೊಡನೆ ಆರಿಯ ಎಲೆಯನ್ನೂ ಕೊಡುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಒಂದು ನವಿಲುಗರಿಯಂತೆ ಸಣ್ಣ ಸಣ್ಣ ಎಲೆಗಳ ಗರಿ, ಇನ್ನೊಂದು ಎತ್ತಿನ ಗೊರಸಿನಂತೆ ಎರಡು ಸೀಳಾದ ಎಲೆ. ಪ್ರತಿಯೊಬ್ಬರೂ ಹತ್ತು ಎಸಳು ಕಟ್ಟಿಕೊಂಡು ಹೊರಟು, ಮರಳಿ ಬಂದ ಮೇಲೆ ಎಣಿಸಬೇಕೆಂದು ಹೇಳಿದ್ದೆನು. ಕೊಟ್ಟಲ್ಲೆಲ್ಲ ಮರಳಿ ಸಿಗುವುದರಿಂದ ಹೆಚ್ಚಿನವರಲ್ಲಿ ಹತ್ತೇ ಉಳಿದಿದ್ದವು. "ಎಷ್ಟು ಕೊಟ್ರೂ ಕಡಿಮಿ ಆಗಲಿಲ್ಲಲ್ಲಣ್ಣಾ!" ಎಂದು ಒಬ್ಬನು ಬೆರಗಾದನು. ಕೂಡಿಸುವ, ಕಳೆಯುವ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಐದನೆಯದು ಶೀಗಿ ಹುಣ್ಣಿವೆಯ ಹೊಲ. ಕಡಬು, ಬುತ್ತಿ, ರೊಟ್ಟಿ, ಪುಂಡಿಪಲ್ಲೆಗಳೊಡನೆ ಚಕ್ಕಡಿ ಹೂಡಿ ಹೋಗಿ, ಭೂಮಿತಾಯಿಯನ್ನು ಪೂಜಿಸಿ ಚರಗ ಚೆಲ್ಲುವ ಹಬ್ಬವಿದು. ಹಸ್ತ, ಚಿತ್ತಿ ಮಳೆಗಳ ಈ ದಿನಗಳಲ್ಲಿಯೇ ಎರೆಭೂಮಿಯಲ್ಲಿ ಜೋಳ, ಕಡಲೆ, ಕುಸುಬೆಗಳ ಹಿಂಗಾರಿ ಬಿತ್ತನೆ. ಮಕ್ಕಳು ಒಂದೊಂದು ಹೊಲದ ಬೆಳೆಯ ಹೆಸರು ಕೇಳಿ ಬಂದು ಹೇಳಿದರು. ಮಳೆಯ ಹೆಸರುಗಳನ್ನು ಒಬ್ಬ ಆಯಿ ಹೇಳಿಕೊಟ್ಟಳು. ಅಂದು ಕಲಿಸಿದವರು ಊರಿನ ಹಿರಿಯರು. ನಾನು ಬುತ್ತಿ ಉಂಡು ಕೇಳುತ್ತ ಕುಳಿತವನು.

ಇದರಲ್ಲಿ ನನ್ನ ಹೊಸ ಶೋಧವೇನೂ ಇಲ್ಲ. ಜರ್ಮನಿಯ ಫ್ರೋಬೆಲನು 1837ರಲ್ಲಿ ಎಳೆಯರ ಶಾಲೆ ತೆರೆದು, 1840ರಲ್ಲಿ ಅದಕ್ಕೆ 'ಮಕ್ಕಳ ತೋಟ' ಎಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟನು. ಗುಜರಾತದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿ ಆಟ, ಕಥೆಗಳಿಗೆ ಪಾಠದ ಮಾನ ತಂದರು. ನಮ್ಮ ಧಾರವಾಡದಲ್ಲಿಯೇ ದ. ರಾ. ಬೇಂದ್ರೆಯವರು 1926ರಲ್ಲಿ ಗೆಳೆಯರೊಡನೆ ನಾಡಹಬ್ಬವನ್ನು ಮೊದಲುಮಾಡಿ, ನವರಾತ್ರಿಯನ್ನು ನಾಡುನುಡಿಯ ಕಲಿಕೆಯ ಕಾಲವನ್ನಾಗಿ ಮಾಡಿದರು. ಸರಕಾರಿ ಶಾಲೆಗಳ ನಲಿ-ಕಲಿಯೂ ಚಟುವಟಿಕೆಯಿಂದ ಕಲಿಸುವ ಪದ್ಧತಿಯೇ. ಆದರೆ ಸೂಟಿಯಲ್ಲಿ ಶಾಲೆಯ ಬಾಗಿಲು ಮುಚ್ಚಿರುತ್ತದೆ. ಆಗ ಕಟ್ಟೆಯ ಮೇಲೆ ಕೂಡಲು ಯಾರಾದರೊಬ್ಬರು ಬೇಕು.

ಎಲ್ಲ ಊರಿಗೂ ಒಂದೇ ಪಾಠ ಒಗ್ಗದು. ಕಲಘಟಗಿಯ ಕಡೆ ಭತ್ತದ ಗದ್ದೆಯೂ ಬಣ್ಣದ ತೊಟ್ಟಿಲೂ ಇವೆ. ಕುಂದಗೋಳದಲ್ಲಿ ಮೆಣಸಿನಕಾಯಿಯೂ ಶೇಂಗಾವೂ ಇವೆ. ಅಣ್ಣಿಗೇರಿಯಲ್ಲಿ ಅಮೃತೇಶ್ವರನ ಗುಡಿಯ ಕಂಬಗಳಿವೆ. ಕಣ್ಣೆದುರಿನದನ್ನೇ ಹಿಡಿಯಬೇಕು. ನಾನು ತಪ್ಪಿ ಕಲಿತದ್ದು ಮೂರು: ಒಂದು ತಾಸಿಗಿಂತ ಹೆಚ್ಚು ಕೂಡಿಸಬಾರದು, ತಪ್ಪನ್ನು ಎಣಿಸಬಾರದು, ಎಲ್ಲರ ಮನೆಯಲ್ಲಿಯೂ ಇರುವುದನ್ನೇ ಕೇಳಬೇಕು.

ಕೊನೆಗೊಂದು ಮಾತು. ಶೀಗಿ ಹುಣ್ಣಿವೆಯ ಮರುದಿನದಿಂದ ಕುರುಪಿಯ ಹುಡುಗಿ ಬರಲಿಲ್ಲ. ಉಳ್ಳಾಗಡ್ಡಿ ಕೀಳುವ ಕೆಲಸ ಬಂದುದರಿಂದ ತಾಯಿ ನಸುಕಿನಲ್ಲಿಯೇ ಹೋಗುತ್ತಿದ್ದಳು. ತಮ್ಮನನ್ನು ನೋಡಿಕೊಳ್ಳಲು ಅವಳು ಮನೆಯಲ್ಲಿ ಉಳಿಯಬೇಕಾಯಿತು. ಅವಳಂಥವರಿಗೆ ಸೂಟಿಯೆಂದರೆ ಬಿಡುವಲ್ಲ, ದುಡಿಮೆಯ ಇನ್ನೊಂದು ಹೆಸರು. ಆಮೇಲೆ ಕಟ್ಟೆಯನ್ನು ಬಿಟ್ಟು, ಉಳಿದ ದಿನಗಳಲ್ಲಿ ಮಕ್ಕಳೊಡನೆ ನಾನೇ ಅವಳ ಮನೆಯ ಮುಂದೆ ಕುಳಿತೆನು. ನಮ್ಮ ಕಾಲೇಜಿನ ಬಹುಮಂದಿ ಹಳ್ಳಿಗಳಿಂದ ಬಂದವರೇ. ಮುಂದಿನ ದಸರೆಗೆ ಊರಿಗೆ ಹೋದಾಗ ದಿನಕ್ಕೊಂದು ತಾಸು ನಾವೂ ಹೀಗೆ ಕುಳಿತರೆ, ಶಾಲೆ ಮತ್ತೆ ತೆರೆದ ದಿನ ಒಂದಿಷ್ಟು ಮಕ್ಕಳಾದರೂ ಪಾಟಿ ಹಿಡಿದು ಅಂಜದೆ ಒಳಗೆ ಹೋಗುವರು.