ಸೊನ್ನೆ ಎಲ್ಲಿದೆ? – ಸಿಎನ್‌ಸಿ ಯಂತ್ರದೊಂದಿಗೆ ಮೂಲಬಿಂದುವಿನ ಪಾಠ

ಬೋಧನಾಭ್ಯಾಸದಲ್ಲಿ ಚಿತ್ತಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ 9ನೇ ತರಗತಿಗೆ ನಿರ್ದೇಶಾಂಕ ರೇಖಾಗಣಿತ ಬೋಧಿಸುವುದು ನನ್ನ ಪಾಲಿಗೆ ಬಂದಿತ್ತು. ಬೋಧನೋಪಕರಣವಾಗಿ ಶಹಾಬಾದಿನ ನಮ್ಮ ಮನೆಯಿಂದ ಅಣ್ಣನ ಸಿಎನ್‌ಸಿ ಮಿಲ್ಲಿಂಗ್ ಯಂತ್ರವನ್ನು ಒಯ್ದಿದ್ದೆ. ಮರದ ನಾಮಫಲಕ ಕೆತ್ತಲೆಂದು ಅಣ್ಣ ಕೊಂಡ ‘3018’ ಎಂಬ ಸಣ್ಣ ಯಂತ್ರವದು. ಬಿಡಿಭಾಗಗಳಾಗಿ ಬಂದದ್ದನ್ನು ಮನೆಯಲ್ಲಿ ನಾವಿಬ್ಬರೇ ಜೋಡಿಸಿದ್ದೆವು. ಕೆಲಸದ ಜಾಗದ ಅಳತೆ ಹೆಸರಿನಲ್ಲೇ ಇದೆ: 30 ಸೆಂ.ಮೀ., 18 ಸೆಂ.ಮೀ. ಮಕ್ಕಳ ಸುರಕ್ಷತೆಗಾಗಿ ಕಟ್ಟರ್ ತೆಗೆದು ಸ್ಕೆಚ್ ಪೆನ್ ಕಟ್ಟಿದ್ದೆ.

ಮೂಲಬಿಂದು ಎಂದರೆ (0, 0) ಎಂದು ಕಪ್ಪುಹಲಗೆಯಲ್ಲಿ ಬರೆದು, ಮಕ್ಕಳು ಹೇಳಿದ ಬಿಂದುಗಳಿಂದ ಒಂದು ಮನೆಯ ಚಿತ್ರ ಬರೆಸತೊಡಗಿದೆ. ಅರ್ಧ ಗೋಡೆಯಾಗುವಷ್ಟರಲ್ಲಿ ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಶುರು ಮಾಡಿದರೆ ಯಂತ್ರ ಹಾಳೆಯ ನಡುವಿನಿಂದಲೇ ಹೊಸ ಮನೆ ಕಟ್ಟತೊಡಗಿತು. ಮೂರನೇ ಬೆಂಚಿನ ಹುಡುಗಿ ಎದ್ದು, “ಸರ್, ಇದರ ಸೊನ್ನಿ ಎಲ್ಲದ್ರಿ? ಹಾಳ್ಯಾಗ ಅದನೋ, ಮಷೀನಿನಾಗ ಅದನೋ?” ಎಂದಳು. “ಅದು ಪಠ್ಯದಲ್ಲಿಲ್ಲ, ಕೂಡು” ಎಂದೆ. ಅವಧಿ ಮುಗಿಯುವವರೆಗೆ ಅವಳು ಮತ್ತೆ ಕೈ ಎತ್ತಲಿಲ್ಲ. ನಿಜವೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಹೀಗೆಯೇ ಅಣ್ಣನ ಸಾಗವಾನಿ ಫಲಕವೊಂದು ಕೆಟ್ಟಾಗಲೂ ಕರೆಂಟನ್ನು ಬೈದು ಸುಮ್ಮನಾಗಿದ್ದೆವು.

ಆ ರಾತ್ರಿ ಕೂತು ಲೆಕ್ಕ ಹಾಕಿದೆವು. ಸ್ಟೆಪರ್ ಮೋಟಾರಿಗೆ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡುತ್ತದೆ. ಒಂದು ಸುತ್ತಿಗೆ ಸ್ಕ್ರೂ 4 ಮಿ.ಮೀ. ಸರಿಸುತ್ತದೆ. 3200 ÷ 4, ಅಂದರೆ 800 ಕಿರುಹೆಜ್ಜೆಗೆ 1 ಮಿ.ಮೀ. ಯಂತ್ರಕ್ಕೆ ಕಣ್ಣಿಲ್ಲ, ಈ ಎಣಿಕೆಯೊಂದೇ ಗೊತ್ತು. ಕರೆಂಟ್ ಹೋದರೆ ಎಣಿಕೆ ಮರೆತು, ನಿಂತ ಜಾಗವನ್ನೇ ಸೊನ್ನೆ ಎಂದುಕೊಳ್ಳುತ್ತದೆ.

ಅಕ್ಷಗಳ ತುದಿಗೆ ಲಿಮಿಟ್ ಸ್ವಿಚ್ ಕೂರಿಸಿದೆವು. ಮೊದಲ ದಿನ ಸ್ಪಿಂಡಲ್ ತಿರುಗಿದರೆ ಸಾಕು, ಯಾವ ಸ್ವಿಚ್ಚೂ ತಾಗದೆ ಯಂತ್ರ ನಿಲ್ಲುತ್ತಿತ್ತು. ಸ್ವಿಚ್ಚಿನ ವೈರನ್ನು ಸ್ಪಿಂಡಲ್ ವೈರಿನಿಂದ ದೂರ ಎಳೆದು, 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದ ಮೇಲೆ ಸರಿಹೋಯಿತು. ಈಗ ಚಾಲೂ ಮಾಡಿ ಆದೇಶ ಕೊಟ್ಟರೆ ಯಂತ್ರ ಬಲಗಡೆಯ ಹಿಂದಿನ ಮೂಲೆಗೆ ಹೋಗಿ ಸ್ವಿಚ್ ತಟ್ಟಿ, ಅದನ್ನು ತನ್ನ ಸೊನ್ನೆಯಾಗಿ ಇಟ್ಟುಕೊಳ್ಳುತ್ತದೆ. ಹಾಳೆಯ ಸೊನ್ನೆ ಅಲ್ಲಿಂದ ಎಷ್ಟು ದೂರ ಎಂಬುದನ್ನು ಜಿ54ರಲ್ಲಿ ಬರೆದಿಟ್ಟರೆ ಕರೆಂಟ್ ಹೋದರೂ ಉಳಿಯುತ್ತದೆ. (ಜಿ92ರಲ್ಲಿ ಇಟ್ಟರೆ ಉಳಿಯದು. ಇದು ತಿಳಿಯಲು ಇನ್ನೊಂದು ಮರದ ತುಂಡು ಹಾಳಾಯಿತು.)

ಮುಂದಿನ ವಾರ ಮಾರ್ಗದರ್ಶಕರ ಅನುಮತಿ ಪಡೆದು ಅದೇ ಪಾಠವನ್ನು ಮತ್ತೆ ಮಾಡಿದೆ. ಪೀಠಿಕೆಯಾಗಿ ಆ ಹುಡುಗಿಯ ಪ್ರಶ್ನೆಯನ್ನೇ ಕಪ್ಪುಹಲಗೆಯಲ್ಲಿ ಬರೆದೆ. ಈ ಸಲ ಚಿತ್ರದ ನಡುವೆ ಪ್ಲಗ್ಗನ್ನು ನಾನೇ ಕಿತ್ತೆ. ಮರಳಿ ಹಾಕಿದಾಗ ಯಂತ್ರ ಮೂಲೆ ಮುಟ್ಟಿ ಬಂದು ಹಳೆಯ ಗೆರೆಯ ಮೇಲೆಯೇ ಗೆರೆ ಎಳೆಯಿತು. ಹಾಳೆಯ ಸೊನ್ನೆ ಯಂತ್ರದ ಲೆಕ್ಕದಲ್ಲಿ (−260, −150). ಹಾಗಾದರೆ ಹಾಳೆಯ (20, 10) ಯಂತ್ರಕ್ಕೆ ಎಷ್ಟು? ಹೆಚ್ಚಿನವರು (−240, −140) ಎಂದು ತೆಗೆದರು. ಒಂದೇ ಚುಕ್ಕೆ ಹಾಳೆಗೆ ಒಂದನೇ ಚತುರ್ಥಕದಲ್ಲಿ, ಯಂತ್ರಕ್ಕೆ ಮೂರನೆಯದರಲ್ಲಿ! ಗೌಂಡಿಯ ಮಗನೊಬ್ಬ, “ನಮ್ಮಪ್ಪ ಪರಸಿ ಹಾಕುವಾಗ ಬಾಗಲ ಮೂಲಿಂದ ದಾರ ಹಿಡಿತಾನ್ರಿ ಸರ್. ಬ್ಯಾರೆ ಮೂಲಿಂದ ಹಿಡಿದ್ರ ಅಳತಿ ಬದಲಾಗ್ತದ, ಮನಿ ಬದಲಾಗಂಗಿಲ್ಲ” ಎಂದ. ನನ್ನ ಪಾಠಯೋಜನೆಯಲ್ಲಿ ಇಷ್ಟು ಸರಳ ವಾಕ್ಯ ಇರಲಿಲ್ಲ.

ಘಟಕ ಪರೀಕ್ಷೆಯಲ್ಲಿ ಕೆಲವರು x, y ಸ್ಥಾನಗಳನ್ನು ಇನ್ನೂ ಅದಲುಬದಲು ಬರೆದಿದ್ದರು. ಅದಕ್ಕೆ ಯಂತ್ರದಿಂದ ಪ್ರಯೋಜನವಾಗಲಿಲ್ಲ, ಗ್ರಾಫ್ ಹಾಳೆಯಲ್ಲಿ ಇನ್ನಷ್ಟು ಅಭ್ಯಾಸ ಬೇಕು. ಗಂಟೆ ಬಾರಿಸಿದ ಮೇಲೆ ಆ ಹುಡುಗಿ ಬಂದು, “ಪೆನ್ ಮ್ಯಾಲ ಎತ್ತೋದು ಯಾವ ಅಕ್ಷ ಸರ್?” ಎಂದಳು. ಅದೂ ಪಠ್ಯದಲ್ಲಿಲ್ಲ. ಅವಳನ್ನು ಯಂತ್ರದ ಬಳಿ ಕರೆದು z ಅಕ್ಷದ ಸ್ಕ್ರೂವನ್ನು ಕೈಯಿಂದಲೇ ತಿರುಗಿಸಲು ಹೇಳಿದೆ.