ಮೂಲಕಥೆ ಮತ್ತು ಮುಂದುವರಿಕೆ: ‘ಕೆ.ಜಿ.ಎಫ್.’ ಚಿತ್ರದ ಎರಡು ಅಧ್ಯಾಯಗಳು

ಜನಮನ್ನಣೆ ಪಡೆದ ಕಥೆಯೊಂದನ್ನು ಮುಂದುವರಿಸುವವನಿಗೆ ಎರಡು ಹೊಣೆಗಳಿರುತ್ತವೆ. ಹಿಂದಿನದನ್ನು ನೆನಪಿಸಬೇಕು, ಆದರೆ ಅದನ್ನೇ ಮತ್ತೆ ಹೇಳಬಾರದು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯಲ್ಲ. ರನ್ನನ ‘ಗದಾಯುದ್ಧ’ದ ಕ್ರಿಯೆ ನಡೆಯುವುದು ಭಾರತಯುದ್ಧದ ಕೊನೆಯ ಹಂತದಲ್ಲಿ. ಹಿಂದಿನ ಕಥೆಯು ಸಿಂಹಾವಲೋಕನ ಕ್ರಮದಿಂದ ಪಾತ್ರಗಳ ಮಾತುಗಳಲ್ಲಿಯೇ ಬಂದುಹೋಗುತ್ತದೆ. ಅಲ್ಲಿ ನೆನಪೆಂಬುದು ಬರಿಯ ಸಾರಾಂಶವಲ್ಲ. ಭೀಮನ ಕ್ರೋಧಕ್ಕೂ ದುರ್ಯೋಧನನ ಶೋಕಕ್ಕೂ ಅದೇ ಮೂಲ. ಇದೇ ಅಳತೆಗೋಲಿನಿಂದ ಪ್ರಶಾಂತ್ ನೀಲ್ ನಿರ್ದೇಶನದ ‘ಕೆ.ಜಿ.ಎಫ್.’ ಚಿತ್ರದ ಎರಡು ಅಧ್ಯಾಯಗಳನ್ನು (2018 ಮತ್ತು 2022) ಪರಿಶೀಲಿಸಬಹುದು.

ಯಶ್ ಅಭಿನಯಿಸಿದ ರಾಕಿಗೆ ದೈವದತ್ತ ಶಕ್ತಿಯಿಲ್ಲ. ಆದರೂ ಪಡೆಯನ್ನೇ ಒಬ್ಬನಾಗಿ ಎದುರಿಸುವ ಅವನು ಅತಿಮಾನುಷ ನಾಯಕರ ಸಾಲಿಗೇ ಸೇರಿದವನು. ಸಾಯುವಾಗ ಸಿರಿವಂತನಾಗಿ, ಬಲಶಾಲಿಯಾಗಿ ಸಾಯುವೆನೆಂದು ತಾಯಿಗೆ ಕೊಟ್ಟ ಮಾತೇ ಅವನ ಚೈತನ್ಯ. ಮೊದಲ ಭಾಗದಲ್ಲಿ ಅವನು ಗರುಡನನ್ನು ಕೊಲ್ಲಲೆಂದು ಜೀತದಾಳುಗಳೊಳಗೊಬ್ಬನಾಗಿ ನರಾಚಿಯ ಗಣಿಯನ್ನು ಹೊಗುತ್ತಾನೆ. ಗಣಿಯ ಕ್ರೌರ್ಯವನ್ನು ಅವನೊಡನೆ ನಾವೂ ಮೊದಲ ಬಾರಿಗೆ ಕಾಣುತ್ತೇವೆ. ಕುರುಡ ಮುದುಕನೊಬ್ಬನನ್ನು ಉಳಿಸಲು ಅವನು ಕಾವಲಿನವರ ಮೇಲೆ ತಿರುಗಿಬೀಳುವ ಸನ್ನಿವೇಶವು ಚಿತ್ರದ ತಿರುವು. ಕೊಲ್ಲಲು ಬಂದವನು ಅಲ್ಲಿ ಕಾಯುವವನಾಗುತ್ತಾನೆ. ನಾಯಕನ ಶೌರ್ಯಕ್ಕೆ ಅರ್ಥ ಬರುವುದು ಪರರ ದುಃಖದ ಎದುರಿನಲ್ಲಿ.

ಎರಡನೆಯ ಭಾಗದಲ್ಲಿ ಅವನು ನರಾಚಿಯ ಒಡೆಯ. ಎದುರಾಳಿಗಳೂ ದೊಡ್ಡವರು: ಒಂದು ಕಡೆ ಅಧೀರ, ಇನ್ನೊಂದು ಕಡೆ ಪ್ರಧಾನಿ ರಮಿಕಾ ಸೇನ್. ನಿರೂಪಣೆಯೂ ಕೈ ಬದಲಿಸುತ್ತದೆ. ಅನಂತನಾಗ್ ಅಭಿನಯಿಸಿದ ಆನಂದ್ ಇಂಗಳಗಿಯ ಕಥೆಯನ್ನು ಪ್ರಕಾಶ್ ರಾಜ್ ಅಭಿನಯಿಸಿದ ಮಗ ವಿಜಯೇಂದ್ರ ಮುಂದುವರಿಸುತ್ತಾನೆ. ಮೊದಲ ಭಾಗದಲ್ಲಿ ಪ್ರೇರಣೆಯಾಗಿದ್ದ ತಾಯಿಯ ಮಾತು ಇಲ್ಲಿ ಋಣವಾಗುತ್ತದೆ. ಚಿನ್ನದೊಡನೆ ನಾಯಕನೂ ಕಡಲಿನ ಪಾಲಾಗುತ್ತಾನೆ. ಆರಂಭದ ಮಾತನ್ನು ಅದರ ತಾರ್ಕಿಕ ಕೊನೆಗೆ ಒಯ್ದುದು ಈ ಭಾಗದ ಗೆಲುವು. ಆದರೆ ಮೊದಲ ಭಾಗದಲ್ಲಿ ಮುಖಗಳಿದ್ದ ಗಣಿಯ ಜನ ಇಲ್ಲಿ ಬಹುಮಟ್ಟಿಗೆ ಜಯಕಾರ ಹಾಕುವ ಗುಂಪಾಗಿ ಉಳಿಯುತ್ತಾರೆ. ನಾಯಕ ಬೆಳೆದಷ್ಟೂ ಅವನಿಗೆ ಅರ್ಥ ಕೊಟ್ಟವರು ಕಿರಿದಾಗುತ್ತಾರೆ. ನೆನಪನ್ನು ಕಾಯ್ದುಕೊಂಡ ಮುಂದುವರಿಕೆ ನೆನಪಿನ ಒಂದು ಪಾಲನ್ನು ಕೈಬಿಟ್ಟಿದೆ.

ಹೊಸೂರು, ಕೃಷ್ಣಗಿರಿಯ ನಮಗೆ ಈ ಕೊರತೆ ಹೆಚ್ಚಾಗಿ ತಟ್ಟಬೇಕು. ನರಾಚಿ ಕಲ್ಪಿತವಾದರೂ ಕೋಲಾರದ ಚಿನ್ನದ ಗಣಿ ನಮ್ಮ ಗಡಿಯಾಚೆಗೇ ಇದೆ. ನೆಲದಡಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರಲ್ಲಿ ತಮಿಳು ಸೀಮೆಯಿಂದ ಹೋದ ಕುಟುಂಬಗಳವರು ಬಹಳ. 2001ರಲ್ಲಿ ಗಣಿ ಮುಚ್ಚಿದಾಗ ಆ ದುಡಿಮೆಯೂ ನಿಂತಿತು. ಅವರ ಕಥೆಗೆ ಮುಂದಿನ ಅಧ್ಯಾಯ ಬರೆಯುವವರು ಎರಡೂ ಭಾಷೆಗಳನ್ನು ಬಲ್ಲ ನಮ್ಮಂಥ ಗಡಿನಾಡಿನವರೇ ಆಗಬಹುದು.

ಅಭ್ಯಾಸ: ‘ಗದಾಯುದ್ಧ’ದ ಸಿಂಹಾವಲೋಕನಕ್ಕೂ ಈ ಚಿತ್ರದ ನಿರೂಪಕರು ಹಿಂದಿನದನ್ನು ಹೇಳುವ ಕ್ರಮಕ್ಕೂ ಇರುವ ಸಾಮ್ಯ, ಭೇದಗಳನ್ನು ವಿವೇಚಿಸಿರಿ.